ಪಿಂಗಾಣಿ ಗ್ರಿಲ್‌ನ ಹೊದಿಕೆ: ಮಳೆಯನ್ನು ತಡೆಯಿತು, ತೇವವನ್ನು ಹಿಡಿದಿಟ್ಟಿತು

ಶಿಕಾಗೊದ ಪಶ್ಚಿಮ ಉಪನಗರವೊಂದರಲ್ಲಿರುವ ನಮ್ಮ ಮನೆಯ ಹಿಂದಿನ ಡೆಕ್ ಮೇಲೆ ಒಂದು ಕಮಾಡೊ ಗ್ರಿಲ್, ಎಂದರೆ ಗುಮ್ಮಟದಂತಹ ಮುಚ್ಚಳವುಳ್ಳ ದಪ್ಪ ಪಿಂಗಾಣಿಯ ಇದ್ದಿಲು ಒಲೆ, ವರ್ಷದ ಹನ್ನೆರಡು ತಿಂಗಳೂ ಬಯಲಿನಲ್ಲೇ ನಿಂತಿರುತ್ತದೆ. ಅದಕ್ಕಾಗಿ ಕೊಂಡು, ಹಲವು ಬೇಸಿಗೆ ಮತ್ತು ಚಳಿಗಾಲಗಳಲ್ಲಿ ಬಳಸಿರುವ ಹೊದಿಕೆಯ ಕುರಿತು ಈ ವಿಮರ್ಶೆ ಬರೆಯುತ್ತಿದ್ದೇನೆ. ಕಪ್ಪು ಬಣ್ಣದ, 600 ಡೆನಿಯರ್ (ನೂಲಿನ ದಪ್ಪದ ಅಳತೆ) ಪಾಲಿಯೆಸ್ಟರ್ ಬಟ್ಟೆಯ, ಒಳಮೈಗೆ ನೀರು ಇಳಿಯದ ಲೇಪ ಹಚ್ಚಿದ ಈ ಹೊದಿಕೆಗೆ ನಾನು ಅರವತ್ತು ಡಾಲರ್‌ನ ಆಸುಪಾಸು ಕೊಟ್ಟೆ. ಉಳಿದ ವಿವರಗಳೆಲ್ಲ ಪೆಟ್ಟಿಗೆಯ ಮೇಲೆಯೇ ಇರುತ್ತವೆ. ಅಲ್ಲಿ ಇಲ್ಲದಿರುವ ಮುಖ್ಯ ಸಂಗತಿಯೆಂದರೆ, ಇದರಲ್ಲಿ ಗಾಳಿಯಾಡುವುದಕ್ಕೆ ಎಲ್ಲಿಯೂ ದಾರಿಯಿಲ್ಲ.

ಪಿಂಗಾಣಿಗೆ ಹೊದಿಕೆಯೇಕೆ ಎಂದು ಕೆಲವರು ಕೇಳುತ್ತಾರೆ, ಆ ಪ್ರಶ್ನೆ ಸಮಂಜಸವಾದದ್ದೇ. ಎರಡನೆಯ ಮಹಾಯುದ್ಧದ ನಂತರ ಜಪಾನಿನಿಂದ ಮರಳಿದ ಅಮೆರಿಕದ ಸೈನಿಕರು ಅಲ್ಲಿ ಅನ್ನ ಬೇಯಿಸಲು ಬಳಸುತ್ತಿದ್ದ ಮುಶಿಕಮಾಡೊ ಎಂಬ ಮಣ್ಣಿನ ಒಲೆಯನ್ನು ತಮ್ಮೊಡನೆ ತಂದರು. 1974ರಲ್ಲಿ ಎಡ್ ಫಿಶರ್ ಅಟ್ಲಾಂಟಾದಲ್ಲಿ ಬಿಗ್ ಗ್ರೀನ್ ಎಗ್ ಕಂಪನಿಯನ್ನು ಆರಂಭಿಸಿದ್ದು ಇಂತಹ ಒಲೆಗಳನ್ನು ಮಾರುವುದರಿಂದಲೇ. ಆ ಕಾಲದ ಮಣ್ಣಿನ ಒಲೆಗಳು ಕೆಲವು ವರ್ಷಗಳಲ್ಲೇ ಬಿರುಕು ಬಿಡುತ್ತಿದ್ದವು. ಇಂದಿನ ಪಿಂಗಾಣಿ ಹಾಗಲ್ಲ. ಅದರ ಹೊರಮೈಯಲ್ಲಿ ಹೊಳೆಯುವ ಗಾಜುಲೇಪ ನೀರನ್ನು ಒಳಕ್ಕೆ ಬಿಡುವುದಿಲ್ಲವಾದ್ದರಿಂದ ಮಳೆಯಲ್ಲಿ ನೆನೆದರೂ ಗುಮ್ಮಟಕ್ಕೆ ಏನೂ ಆಗದು. ತೊಂದರೆಯಿರುವುದು ಉಳಿದ ಭಾಗಗಳಿಗೆ. ಗುಮ್ಮಟದ ತುದಿಯ ಕಿಂಡಿಗಿರುವ ಎರಕದ ಕಬ್ಬಿಣದ ಮುಚ್ಚಳಕ್ಕೆ ತುಕ್ಕು ಹಿಡಿಯುತ್ತದೆ. ಗುಮ್ಮಟ ಮತ್ತು ಬುಡ ಸೇರುವಲ್ಲಿ ಅಂಟಿಸಿದ, ಸಂದಿ ಮುಚ್ಚುವ ಉಣ್ಣೆಯಂತಹ ಪಟ್ಟಿ, ಅಂದರೆ ಗ್ಯಾಸ್ಕೆಟ್, ನೀರು ಕುಡಿಯುತ್ತದೆ. ಮೇಲಿನ ಕಿಂಡಿಯಿಂದ ಒಳಗಿಳಿದ ನೀರು ತಳದ ಬೂದಿಯೊಡನೆ ಬೆರೆತರೆ ಕ್ಷಾರದ ಕೆಸರಾಗಿ ಕೆಳಗಿನ ಗಾಳಿಕಿಂಡಿಯ ಲೋಹದ ಬಾಗಿಲನ್ನು ತಿನ್ನುತ್ತದೆ. ಅದು ಒಣಗಿದ ಮೇಲೆ ಬಾಗಿಲು ಕಚ್ಚಿಕೊಂಡು ಜರುಗುವುದೇ ಇಲ್ಲ. ಒಲೆಯ ಒಳಮೈಗೆ ಗಾಜುಲೇಪವೂ ಇಲ್ಲ. ಅಲ್ಲಿನ ಸಣ್ಣ ರಂಧ್ರಗಳಲ್ಲಿ ನಿಂತ ನೀರು ಹೆಪ್ಪುಗಟ್ಟಿದಾಗ ಶೇಕಡಾ 9ರಷ್ಟು ಹಿಗ್ಗುತ್ತದೆ. ಸಾವಿರ ಡಾಲರ್ ಮೀರಿದ ಒಲೆಗೆ ಅರವತ್ತು ಡಾಲರ್‌ನ ಹೊದಿಕೆ ಕೊಳ್ಳುವುದಕ್ಕೆ ಇಷ್ಟು ಕಾರಣ ಸಾಕೆಂದು ನನಗೆ ಅನ್ನಿಸಿತು.

ಮಳೆಯನ್ನು ತಡೆಯುವ ವಿಷಯದಲ್ಲಿ ಇದು ಹೇಳಿದ ಮಾತನ್ನು ಉಳಿಸಿಕೊಂಡಿದೆ. ಇಲಿನಾಯ್ ಬಯಲಿನಲ್ಲಿ ಗಾಳಿಯೊಡನೆ ಅಡ್ಡಡ್ಡವಾಗಿ ಬಡಿಯುವ ಮಳೆಯಲ್ಲಿಯೂ ಹೊಲಿಗೆಗಳಿಂದ ಒಂದು ಹನಿ ಒಳಗಿಳಿದಿಲ್ಲ. ಬುಡದಲ್ಲಿರುವ ವೆಲ್ಕ್ರೊ ಪಟ್ಟಿಗಳನ್ನು ಒಲೆಯನ್ನು ಕೂರಿಸಿರುವ ಗಾಡಿಯ ಕಾಲುಗಳಿಗೆ ಸುತ್ತಿ ಕಟ್ಟಿದರೆ ಬಿರುಗಾಳಿಗೂ ಹಾರುವುದಿಲ್ಲ. ಪಕ್ಕದ ಮರದ ಹಲಗೆಗಳನ್ನು ಕೆಳಕ್ಕೆ ಮಡಚಿದರೆ ಅವೂ ಒಳಗೇ ಸೇರುವುದರಿಂದ ಆ ಮರದ ಬಣ್ಣ ಇನ್ನೂ ಮಾಸಿಲ್ಲ.

ಹೊದಿಸುವ ಕೆಲಸಕ್ಕೆ ನಮ್ಮ ಮನೆಯಲ್ಲಿ ಒಂದು ಕ್ರಮ ಬೆಳೆದುಬಂದಿದೆ. ಸಂಜೆ ಕೋಳಿಯೋ ಮೆಕ್ಕೆಜೋಳವೋ ಬೆಂದು ಮುಗಿದ ಮೇಲೆ ಕೆಂಡ ಇನ್ನೂ ಉಳಿದಿರುತ್ತದೆ. ಜಾಲರಿಯನ್ನು ಎತ್ತಿ, ಎಣ್ಣೆ ಸವರಿದ ಎರಡು ದೊಡ್ಡ ಬದನೆಕಾಯಿಗಳನ್ನು ನೇರವಾಗಿ ಕೆಂಡದ ಮೇಲೆ ಮಲಗಿಸಿ, ಕಿಂಡಿಗಳನ್ನು ಕಿರಿದು ಮಾಡಿ ಮುಚ್ಚುತ್ತೇನೆ. ನಡುವೆ ಒಮ್ಮೆ ಮಾತ್ರ ಇಕ್ಕಳದಿಂದ ಹೊರಳಿಸುತ್ತೇನೆ. ಸಿಪ್ಪೆ ಕರಿಕಾಗಿ ಒಳತಿರುಳು ಕುಸಿಯುವಷ್ಟು ಬೆಂದ ಆ ಬದನೆಕಾಯಿಗೆ ಹುಣಿಸೆರಸ, ಹಸಿಮೆಣಸಿನಕಾಯಿ, ಚೂರು ಬೆಲ್ಲ, ಇಂಗಿನ ಒಗ್ಗರಣೆ ಸೇರಿದರೆ ಆಗುವ ಗೊಜ್ಜಿನ ಹೊಗೆಯ ಪರಿಮಳವನ್ನು ಅಡುಗೆಮನೆಯ ಗ್ಯಾಸ್ ಒಲೆ ಎಂದೂ ಕೊಡಲಾರದು. ಬದನೆಕಾಯಿ ತೆಗೆದ ಮೇಲೆ ಎರಡೂ ಕಿಂಡಿಗಳನ್ನು ಪೂರ್ತಿ ಮುಚ್ಚುತ್ತೇನೆ. ಗಾಳಿ ಸಿಗದೆ ಕೆಂಡ ಆರಿ, ಉಳಿದ ಇದ್ದಿಲು ಮುಂದಿನ ಸಲಕ್ಕೆ ಒದಗುತ್ತದೆ. ಮರುದಿನ ಬೆಳಗ್ಗೆ ಕಾಫಿ ಲೋಟ ಹಿಡಿದು ಡೆಕ್‌ಗೆ ಹೋಗಿ, ಗುಮ್ಮಟದ ಮೇಲೆ ಅಂಗೈ ಇಟ್ಟು ಬಿಸಿ ಆರಿದೆಯೇ ಎಂದು ನೋಡಿ, ಇದ್ದಿಲನ್ನು ಅಲುಗಾಡಿಸಿ, ಬೂದಿಯನ್ನು ಕೆಳಗಿನ ಬಾಗಿಲಿನಿಂದ ತಗಡಿನ ಡಬ್ಬಕ್ಕೆ ಎಳೆದುಕೊಂಡು, ಆಮೇಲೆ ಹೊದಿಕೆಯನ್ನು ಇಳಿಸುತ್ತೇನೆ. ವಾರಾಂತ್ಯದ ಬೆಳಗಿನಲ್ಲಿ ನನಗೆ ಬಹಳ ಹಿತವೆನಿಸುವ ಕೆಲಸ ಇದು.

ಆದರೆ ಈ ಕ್ರಮದಲ್ಲೇ ಹೊದಿಕೆಯ ಮೊದಲ ಕೊರತೆಯೂ ಕಾಣುತ್ತದೆ. ದಪ್ಪ ಪಿಂಗಾಣಿ ಗಂಟೆಗಟ್ಟಲೆ ಬಿಸಿಯನ್ನು ಹಿಡಿದಿಟ್ಟುಕೊಳ್ಳುತ್ತದೆ, ಪಾಲಿಯೆಸ್ಟರ್ ಬಿಸಿಗೆ ಕರಗುವ ಬಟ್ಟೆ. ಹೀಗಾಗಿ ಅಡುಗೆ ಮಾಡಿದ ರಾತ್ರಿ ಹೊದಿಸುವಂತಿಲ್ಲ, ಇಲ್ಲಿನ ಬೇಸಿಗೆಯ ಗುಡುಗುಮಳೆ ಬರುವುದು ಹೆಚ್ಚಾಗಿ ಆ ರಾತ್ರಿಗಳಲ್ಲೇ. ಆ ಹೊತ್ತಿಗೆ ತುದಿಯ ಮುಚ್ಚಳದ ಮೇಲೆ ಒಂದು ಅಗಲವಾದ ಸ್ಟೀಲ್ ಬೋಗುಣಿಯನ್ನು ಬೋರಲು ಹಾಕಿ, ಮೇಲೊಂದು ಕಲ್ಲು ಇಡುತ್ತೇನೆ. ಮೇಲಿನ ಕಿಂಡಿಯೊಂದನ್ನು ಮುಚ್ಚಿದರೆ ಒಳಗೆ ನೀರು ಬೀಳುವುದು ಬಹುಮಟ್ಟಿಗೆ ನಿಲ್ಲುತ್ತದೆ ಎಂಬುದು ಇದರಿಂದ ಸ್ಪಷ್ಟವಾಯಿತು. ಖರ್ಚಿಲ್ಲದ ಬೋಗುಣಿ ಮಾಡುವ ಈ ಕೆಲಸವನ್ನು ನೋಡಿದ ಮೇಲೆ ಹೊದಿಕೆಯ ಬೆಲೆಯ ಬಗ್ಗೆ ನನ್ನ ಲೆಕ್ಕಾಚಾರ ಬದಲಾಯಿತು.

ಎರಡನೆಯ ಕೊರತೆ ಇದಕ್ಕಿಂತ ಗಂಭೀರವಾದದ್ದು, ಅದರಿಂದ ನನಗೆ ನಿಜವಾಗಿಯೂ ಬೇಸರವಾಯಿತು. ಒಂದು ಬೇಸಿಗೆಯಲ್ಲಿ ಊರಿಗೆ ಹೋಗಿ ಕೆಲವು ವಾರಗಳ ನಂತರ ಹಿಂದಿರುಗಿ ಹೊದಿಕೆ ತೆಗೆದು ಮುಚ್ಚಳ ಎತ್ತಿದರೆ, ಜಾಲರಿಯ ಮೇಲೆ, ಇದ್ದಿಲಿನ ಮೇಲೆ, ಗುಮ್ಮಟದ ಒಳಗೋಡೆಯ ಜಿಡ್ಡಿನ ಮೇಲೆ ಎಲ್ಲೆಡೆ ಬೂದುಬಿಳಿಯ ಬೂಷ್ಟು ಬೆಳೆದಿತ್ತು. ಒಂದು ಹನಿ ಮಳೆನೀರೂ ಒಳಗೆ ಹೋಗಿರಲಿಲ್ಲ. ಜುಲೈ, ಆಗಸ್ಟ್ ತಿಂಗಳ ಇಲ್ಲಿನ ಗಾಳಿಯಲ್ಲಿರುವ ತೇವ, ಡೆಕ್‌ನ ಮರದಿಂದ ಏಳುವ ಆವಿ, ಹಗಲು ಕಾದು ರಾತ್ರಿ ತಣಿದಾಗ ಲೇಪದ ಒಳಮೈಯಲ್ಲಿ ಕೂಡುವ ಹನಿಗಳು, ಇವೆಲ್ಲ ಹೊರಹೋಗಲು ದಾರಿಯಿಲ್ಲದೆ ಒಳಗೇ ನಿಂತಿದ್ದವು. ಮಲೆನಾಡಿನಲ್ಲಿ ಬೆಳೆದವರಿಗೆ ಇದು ಪರಿಚಿತ ಸಂಗತಿ: ಆಷಾಢದಲ್ಲಿ ಮುಚ್ಚಿಟ್ಟದ್ದೆಲ್ಲ ಬೂಷ್ಟು ಹಿಡಿಯುತ್ತದೆ, ಒಲೆಯ ಮೇಲಿನ ಅಟ್ಟದಲ್ಲಿಟ್ಟದ್ದು ಒಣಗಿ ಉಳಿಯುತ್ತದೆ.

ಸಾಬೂನಿನಿಂದ ತೊಳೆಯುವಂತಿಲ್ಲ, ಏಕೆಂದರೆ ಲೇಪವಿಲ್ಲದ ಒಳಮೈ ಅದನ್ನು ಹೀರಿಕೊಂಡು ಮುಂದಿನ ಅಡುಗೆಗೆ ವಾಸನೆ ಕೊಡುತ್ತದೆ. ಹಳೆಯ ಇದ್ದಿಲನ್ನು ಎಸೆದು, ಹೊಸದನ್ನು ಹಚ್ಚಿ, ತೇವಗೊಂಡ ಪಿಂಗಾಣಿ ಒಮ್ಮೆಲೇ ಕಾದು ಒಡೆಯದಂತೆ ಮೊದಲು ಬಹಳ ಹೊತ್ತು ಸಣ್ಣ ಬೆಂಕಿಯಲ್ಲಿ ಒಣಗಿಸಿ, ಬಳಿಕ 500 ಡಿಗ್ರಿ ಫ್ಯಾರನ್‌ಹೀಟ್ ದಾಟಿಸಿ ಬೂಷ್ಟನ್ನೆಲ್ಲ ಸುಡಬೇಕಾಯಿತು. ಆರಿದ ಮೇಲೆ ಜಾಲರಿಯನ್ನೂ ಗೋಡೆಯನ್ನೂ ಒಣ ಬ್ರಷ್‌ನಿಂದ ಉಜ್ಜಿದೆ. ಒಂದಿಡೀ ಶನಿವಾರ ಇದಕ್ಕೇ ಹೋಯಿತು. ಹೊದಿಕೆಯ ಭುಜದಲ್ಲಿ ಎರಡು ಕಡೆ ಬಲೆಯ ಕಿಂಡಿಗಳನ್ನು ಇಟ್ಟು, ಮೇಲೊಂದು ಬಟ್ಟೆಯ ರೆಪ್ಪೆ ಹೊಲಿದಿದ್ದರೆ ಇಷ್ಟು ತೊಂದರೆ ಆಗುತ್ತಿರಲಿಲ್ಲ. ಅದಕ್ಕೆ ತಗಲುವ ಖರ್ಚು ಅತ್ಯಲ್ಪ.

ಚಳಿಗಾಲ ಬಂದಾಗ ನನ್ನ ಬೇಸರ ಕಡಿಮೆಯಾಯಿತು ಎಂಬುದನ್ನೂ ಅಷ್ಟೇ ಖಚಿತವಾಗಿ ಹೇಳಬೇಕು. ಶಿಕಾಗೊದ ಚಳಿ ಲಘುವಾದದ್ದಲ್ಲ. 2019ರ ಜನವರಿ 30ರಂದು ಇಲ್ಲಿ ಉಷ್ಣತೆ ಸುಮಾರು ಮೈನಸ್ 30 ಡಿಗ್ರಿ ಸೆಲ್ಸಿಯಸ್‌ಗೆ ಇಳಿದಿತ್ತು. ಅದಕ್ಕಿಂತಲೂ ಒಲೆಗೆ ಹೆಚ್ಚು ಅಪಾಯ ಫೆಬ್ರವರಿ, ಮಾರ್ಚ್ ತಿಂಗಳುಗಳಲ್ಲಿ. ಆಗ ಹಗಲು ಕರಗಿದ ಹಿಮ ಗುಮ್ಮಟದಿಂದ ಇಳಿದು ಗ್ಯಾಸ್ಕೆಟ್‌ಗೆ ಸೇರುತ್ತದೆ, ರಾತ್ರಿ ಅಲ್ಲಿಯೇ ಹೆಪ್ಪುಗಟ್ಟಿ ಮುಚ್ಚಳವನ್ನು ಬುಡಕ್ಕೆ ಬಂಧಿಸುತ್ತದೆ. ಹಾಗಾದಾಗ ಬಲವಂತವಾಗಿ ಎತ್ತಿದರೆ ಗ್ಯಾಸ್ಕೆಟ್ ಹರಿದುಬರುತ್ತದೆ. ಸಂದಿಯ ಸುತ್ತ ಹೇರ್ ಡ್ರೈಯರ್‌ನ ಬಿಸಿಗಾಳಿ ಹಾಯಿಸಿ, ತಾನಾಗಿ ಬಿಡುವವರೆಗೆ ಕಾಯುವುದು ಸುರಕ್ಷಿತ. ಹೊದಿಕೆ ಬರುವ ಮೊದಲು ಪದೇ ಪದೇ ಎದುರಾಗುತ್ತಿದ್ದ ಈ ಸಮಸ್ಯೆ, ಬಂದ ಮೇಲೆ ಹೆಚ್ಚುಕಡಿಮೆ ನಿಂತಿತು. ಒಣಗಿದ ಚಳಿಗಾಳಿಯಲ್ಲಿ ಬೂಷ್ಟಿನ ಭಯವೂ ಇಲ್ಲ. ಮೊಣಕಾಲುದ್ದ ಹಿಮ ಬಿದ್ದ ಬೆಳಗ್ಗೆ ಹೊದಿಕೆಯನ್ನು ಕೊಡವಿ ತೆಗೆದಾಗ ಒಳಗಿನ ಒಲೆ ಪೂರ್ತಿ ಒಣಗಿ, ಹಚ್ಚುವುದಕ್ಕೆ ಸಿದ್ಧವಾಗಿರುವುದನ್ನು ನೋಡುವುದು ಸಂತೋಷವೇ ಸರಿ. ತೀರ ಚಳಿಯಲ್ಲಿ ಬಟ್ಟೆ ಗಡುಸಾಗುವುದರಿಂದ ಮಡಚಲು ಬರುವುದಿಲ್ಲ, ಆದ್ದರಿಂದ ಅದನ್ನು ನಿಧಾನವಾಗಿ ಬಿಡಿಸಬೇಕು.

ಬಿಸಿಲಿನ ವಿಷಯದಲ್ಲಿ ಮಾತ್ರ ಇದು ಸೋತಿದೆ. ದಕ್ಷಿಣಕ್ಕೆ ಮುಖ ಮಾಡಿದ ಭಾಗ ಕಪ್ಪಿನಿಂದ ಬೂದು ಬಣ್ಣಕ್ಕೆ ತಿರುಗಿದೆ, ಒಳಗಿನ ಲೇಪ ಸುಕ್ಕುಗಟ್ಟಿ ಹಕ್ಕಳೆಯಾಗಿ ಉದುರುತ್ತಿದೆ. ಮಾರಿದವರಿಗೆ ಬರೆದಾಗ, ಬಿಸಿಲಿನಿಂದಾದ ಸವೆತ ವಾರಂಟಿಗೆ ಒಳಪಡುವುದಿಲ್ಲ ಎಂಬ ಉತ್ತರ ಬಂತು. ಬಯಲಿನಲ್ಲಿಡುವ ವಸ್ತುವಿನ ಹೊದಿಕೆಗೆ ಬಿಸಿಲಿನಿಂದ ರಕ್ಷಣೆ ಕೊಡದ ವಾರಂಟಿಯನ್ನು ನಾನು ಒಪ್ಪಲಾರೆ. ನೆರೆಮನೆಯವರ ಗ್ರಿಲ್‌ಗೆ ಇರುವುದು ದೋಣಿಗಳಿಗೆ ಬಳಸುವ, ನೂಲಿನಲ್ಲೇ ಬಣ್ಣ ಸೇರಿಸಿದ ಅಕ್ರಿಲಿಕ್ ಬಟ್ಟೆಯ ಹೊದಿಕೆ. ಅದಕ್ಕೆ ಇದರ ಮೂರು ಪಟ್ಟು ಬೆಲೆ. ಅದು ಆವಿಯನ್ನು ಹೊರಬಿಡುತ್ತದೆ, ಬಣ್ಣವೂ ಮಾಸಿಲ್ಲ. ಆದರೆ ದಿನಗಟ್ಟಲೆ ಹಿಡಿದ ಮಳೆಯಲ್ಲಿ ನಿಧಾನವಾಗಿ ನೆನೆಯುತ್ತದೆ ಎಂದು ಅವರೇ ಹೇಳಿದ್ದಾರೆ.

ನನ್ನ ಖರ್ಚಿನ ಮಿತಿಯಲ್ಲಿ ಈಗ ನಾನು ಅನುಸರಿಸುತ್ತಿರುವ ಏರ್ಪಾಡು ಹೀಗಿದೆ. ನವೆಂಬರ್‌ನಿಂದ ಮಾರ್ಚ್‌ವರೆಗೆ ಹೊದಿಕೆಯನ್ನು ಬಿಗಿಯಾಗಿ ಕಟ್ಟುತ್ತೇನೆ. ಏಪ್ರಿಲ್‌ನಲ್ಲಿ ಅದನ್ನು ಒರೆಸಿ, ಒಣಗಿಸಿ, ಗ್ಯಾರೇಜಿಗೆ ಸೇರಿಸುತ್ತೇನೆ. ಬೇಸಿಗೆಯಲ್ಲಿ ಒಲೆಗೆ ಬೋಗುಣಿಯ ರಕ್ಷಣೆ ಮಾತ್ರ, ಕೆಳಗಿನ ಕಿಂಡಿ ಒಂದು ಬೆರಳಷ್ಟು ತೆರೆದಿರುತ್ತದೆ. ವಾರಕ್ಕೊಮ್ಮೆಯಾದರೂ ಬೆಂಕಿ ಹಚ್ಚುತ್ತೇನೆ, ಒಳಗನ್ನು ಒಣಗಿಸಲು ಅದಕ್ಕಿಂತ ಒಳ್ಳೆಯ ಉಪಾಯ ನನಗೆ ಸಿಕ್ಕಿಲ್ಲ. ಊರಿಗೆ ಹೊರಡುವ ಮುನ್ನ ಇದ್ದಿಲು, ಬೂದಿ ಎರಡನ್ನೂ ಪೂರ್ತಿ ತೆಗೆದು, ಜಾಲರಿಗೂ ಎರಕದ ಮುಚ್ಚಳಕ್ಕೂ ಎಣ್ಣೆ ಸವರಿ ಮನೆಯೊಳಗಿಡುತ್ತೇನೆ. ಹೀಗೆ ನಡೆಯತೊಡಗಿದ ಮೇಲೆ ಬೂಷ್ಟು ಮತ್ತೆ ಕಾಣಿಸಿಕೊಂಡಿಲ್ಲ.

ಹಿಮ ಬೀಳುವ ಊರಿನಲ್ಲಿರುವವರು ಚಳಿಗಾಲಕ್ಕೆಂದು ಇದನ್ನು ಧಾರಾಳವಾಗಿ ಕೊಳ್ಳಬಹುದು, ನಾನು ಐದಕ್ಕೆ ಮೂರು ನಕ್ಷತ್ರ ಕೊಡುತ್ತಿರುವುದು ಅದಕ್ಕಾಗಿಯೇ. ಹ್ಯೂಸ್ಟನ್, ಅಟ್ಲಾಂಟಾಗಳಂತಹ ಸೆಕೆಯ ಊರುಗಳಲ್ಲಿರುವವರು ಗಾಳಿಕಿಂಡಿಯಿಲ್ಲದ ಯಾವ ಹೊದಿಕೆಯನ್ನೂ ಕೊಳ್ಳಬಾರದೆಂಬುದು ನನ್ನ ಸಲಹೆ. ತಯಾರಕರು ಮುಂದಿನ ಮಾದರಿಯಲ್ಲಿ ಭುಜದ ಬಳಿ ಆ ಎರಡು ಬಲೆಕಿಂಡಿಗಳನ್ನು ಸೇರಿಸಿದರೆ, ಹತ್ತು ಡಾಲರ್ ಹೆಚ್ಚು ಕೇಳಿದರೂ ನಾನು ಇದನ್ನೇ ಮತ್ತೆ ಕೊಳ್ಳುತ್ತೇನೆ.