ಡೊಂಬಿವಲಿಯ ಸಂಜೆ ಕಂಪ್ಯೂಟರ್ ಕ್ಲಾಸ್: ನರ್ಸ್‌ಗಳು ಸೇರಬಹುದಾ?

21 ವರ್ಷ ವಾರ್ಡಿನಲ್ಲಿ ದುಡಿದಿದ್ದೇನೆ. ಇಂಜೆಕ್ಷನ್, ಡ್ರೆಸಿಂಗ್ ಯಾವುದಕ್ಕೂ ಕೈ ನಡುಗಿದ್ದಿಲ್ಲ. ಕಳೆದ ವರ್ಷ ನಾನಿರುವ ಆಸ್ಪತ್ರೆಯಲ್ಲಿ ಕೇಸ್ ಪೇಪರ್ ತೆಗೆದು ಎಲ್ಲವನ್ನೂ ಕಂಪ್ಯೂಟರಿಗೆ ಹಾಕಿದಾಗ ನಡುಗಿತು. ಒಂದೇ ಮಧ್ಯಾಹ್ನ ಟ್ರೈನಿಂಗ್ ಕೊಟ್ಟರು. ಅದು ಸಾಕಾಗಲಿಲ್ಲ.

ಅದಕ್ಕೇ ಮುಂಬೈ ಹತ್ತಿರದ ಡೊಂಬಿವಲಿ ಪೂರ್ವದಲ್ಲಿ, ಸ್ಟೇಷನ್‌ನಿಂದ ಹತ್ತು ನಿಮಿಷದ ದಾರಿಯ ಈ ಕ್ಲಾಸಿಗೆ ಸೇರಿದೆ. ಆಸ್ಪತ್ರೆ ಕೆಲಸದವರಿಗೆಂದೇ ಇರುವ ಎರಡು ತಿಂಗಳ ಬ್ಯಾಚ್. ಫೀಸು 4,500 ರೂಪಾಯಿ. ಪಾಠ ಹಿಂದಿ, ಮರಾಠಿಯಲ್ಲಿ. ಕಲಿಸುವ ಮೇಡಂ ಧಾರವಾಡ ಕಡೆಯವರು, ಮೊದಲು ಆಸ್ಪತ್ರೆಯ ರೆಕಾರ್ಡ್ ರೂಮಿನಲ್ಲಿದ್ದವರು. ನಾನು ತಡವರಿಸಿದರೆ ಪಕ್ಕಕ್ಕೆ ಬಂದು, "ಅಕ್ಕಾರ, ಗಡಬಡಿ ಮಾಡಬ್ಯಾಡ್ರಿ, ಮೊದ್ಲ ಓದ್ರಿ" ಎನ್ನುತ್ತಿದ್ದರು.

ಟೈಪಿಂಗ್, ಎಕ್ಸೆಲ್ ಎಲ್ಲ ಕಡೆ ಇರುವಂಥದ್ದೇ. ದುಡ್ಡು ಸಾರ್ಥಕ ಅನ್ನಿಸಿದ್ದು ಮೂರನೇ ವಾರ. ಪ್ರಾಕ್ಟೀಸ್ ಪಟ್ಟಿಯಲ್ಲಿ ಒಂದೇ ಹೆಸರಿನ, ಒಂದೇ ವಯಸ್ಸಿನ ಇಬ್ಬರು ಪೇಷಂಟ್‌ಗಳನ್ನು ಬೇಕಂತಲೇ ಹಾಕಿದ್ದರು. ನಾನು ಮೇಲಿನ ಹೆಸರು ಒತ್ತಿ ಇನ್ಸುಲಿನ್ ಎಂಟ್ರಿ ಮಾಡಿದೆ. ಶುಗರ್ ಇದ್ದದ್ದು ಕೆಳಗಿನವರಿಗೆ. ಕ್ಲಾಸಿನ ಪೇಷಂಟ್ ನಿಜವಾದವರಲ್ಲ, ಆದರೂ ಆ ರಾತ್ರಿ ನಿದ್ದೆ ಬರಲಿಲ್ಲ. ಈಗ ಕೈಗೆ ಕಟ್ಟಿದ ಬ್ಯಾಂಡಿನ ನಂಬರ್ ನೋಡದೆ ಯಾರ ಪೇಜನ್ನೂ ತೆರೆಯುವುದಿಲ್ಲ.

5 ಎಂದಿರಬೇಕಾದಲ್ಲಿ 5.0 ಬರೆಯಬಾರದು, ಚುಕ್ಕಿ ಕಾಣದಿದ್ದರೆ 50 ಆಗುತ್ತದೆ ಎಂದು ನರ್ಸಿಂಗ್ ಸ್ಕೂಲಿನಲ್ಲೇ ಕಲಿತಿದ್ದೆ. ಕಂಪ್ಯೂಟರಿನಲ್ಲಿ ತಪ್ಪುಗಳೇ ಬೇರೆ. ಪಟ್ಟಿಯಲ್ಲಿ ಪಕ್ಕದ ಔಷಧದ ಮೇಲೆ ಬೆರಳು ಬೀಳುತ್ತದೆ. ಅವಸರದಲ್ಲಿ ನಿನ್ನೆಯ ಬಿಪಿ ಕಾಪಿ ಆಗಿ ಇವತ್ತಿನ ಜಾಗದಲ್ಲಿ ಕೂರುತ್ತದೆ. ನಮ್ಮ ಪಾಸ್‌ವರ್ಡ್ ಇನ್ನೊಬ್ಬರಿಗೆ ಕೊಟ್ಟರೆ ಅವರ ಎಂಟ್ರಿ ನಮ್ಮ ಹೆಸರಲ್ಲಿ ಉಳಿಯುತ್ತದೆ. ಇದನ್ನೆಲ್ಲ ಮೇಡಂ ಒಂದೊಂದಾಗಿ ಮಾಡಿಸಿ ತೋರಿಸಿದರು.

ಆಭಾ ನಂಬರ್ ಬಗ್ಗೆಯೂ ಒಂದಿಡೀ ಸಂಜೆ ಹೇಳಿದರು. ಅದು 14 ಅಂಕಿಯ ನಂಬರ್, ಪೇಷಂಟ್ ಒಪ್ಪಿದರೆ ಬೇರೆ ಬೇರೆ ಆಸ್ಪತ್ರೆಗಳ ದಾಖಲೆ ಜೋಡಿಸಲು ಇರುವುದು. ವರ್ಷಕ್ಕೆ ಒಂದು ಕುಟುಂಬಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆಯ ಆಯುಷ್ಮಾನ್ ಕಾರ್ಡ್ ಬೇರೆ. ಎರಡೂ ಒಂದೇ ಅಂದುಕೊಂಡು ಬರುವವರು ಜಾಸ್ತಿ. ಅಡ್ಮಿಷನ್ ಹೊತ್ತಲ್ಲಿ ಅವರಿಗೆ ಸಮಾಧಾನವಾಗಿ ಹೇಳುವುದೂ ನಮ್ಮ ಕೆಲಸ ಅಲ್ವಾ?

ಕೊರತೆ ಇಲ್ಲದಿಲ್ಲ. ಕಂಪ್ಯೂಟರ್ ಎಂಟೇ ಇವೆ, ಶನಿವಾರ ಇಬ್ಬಿಬ್ಬರು ಒಂದರ ಮುಂದೆ ಕೂರಬೇಕು. ನೈಟ್ ಡ್ಯೂಟಿಯಿಂದ ತಪ್ಪಿದ ಪಾಠ ಮತ್ತೆ ಸಿಗುವುದಿಲ್ಲ. ಸರ್ವರ್ ನಿಂತಾಗ ಕಾಗದದಲ್ಲಿ ಸಮಯ ಸಮೇತ ಬರೆದಿಟ್ಟು ಆಮೇಲೆ ಹೇಗೆ ಎಂಟ್ರಿ ಮಾಡಬೇಕು ಎಂಬುದಕ್ಕೆ ಅರ್ಧ ಗಂಟೆ ಮಾತ್ರ ಕೊಟ್ಟರು. ನಮಗೆ ತುಂಬಾ ಬೇಕಾದದ್ದು ಅದೇ. ಮೇಡಂಗೆ ಹೇಳಿದ್ದೇನೆ, ಮುಂದಿನ ಬ್ಯಾಚಿಗೆ ಎರಡು ದಿನ ಇಡುತ್ತೇನೆ ಎಂದಿದ್ದಾರೆ. ಸೇರುವವರು ವಾರದ ನಡುವಿನ ಬ್ಯಾಚ್ ಕೇಳಿ. ಆಗ ಒಬ್ಬರಿಗೆ ಒಂದು ಕಂಪ್ಯೂಟರ್ ಸಿಗುತ್ತದೆ.