ನಲವತ್ತು ಇಂಚಿನ ಹಲಗೆ, ಮೂರು ಡೀಸೆಲ್ ಎಂಜಿನ್

ಮನೆಯೊಳಗೆ ಹಲಗೆಯ ಮೇಲೆ ಓಡಿಸುವ ಪುಟಾಣಿ ರೈಲಿಗೆ ಮೂರು ಮಾದರಿ ಎಂಜಿನ್ ತಂದು ನೋಡಿದೆ. ಮೊದಲೇ ಹೇಳಿಬಿಡುತ್ತೇನೆ, ಗೆದ್ದದ್ದು ಬ್ಯಾಚ್‌ಮನ್ ಕಂಪನಿಯ ಆರ್‌ಎಸ್-3. ಅಮೆರಿಕದ ಎಂಜಿನ್ನು. ನಮ್ಮದೇ ಭಾರತೀಯ ರೈಲ್ವೆಯ ಡಬ್ಲ್ಯೂಡಿಎಂ-3ಎ ಈಗ ಟಿವಿ ಪಕ್ಕದ ಶೋಕೇಸಿನಲ್ಲಿ ಗಣಪತಿ ಜೊತೆ ಕೂತಿದೆ. ದುಡ್ಡು ಕೊಟ್ಟದ್ದು ಮಾತ್ರ ಅದಕ್ಕೇ ಜಾಸ್ತಿ. ಹಾರ್ನ್‌ಬಿ ಕಂಪನಿಯ ಪುಟ್ಟ ಶಂಟರಿಗೆ (ಯಾರ್ಡಿನಲ್ಲಿ ಡಬ್ಬಿ ತಳ್ಳುವ ಎಂಜಿನ್) ಎರಡನೇ ಸ್ಥಾನ, ಅದರ ಬಗ್ಗೆ ಆಮೇಲೆ.

ನಾವಿರುವುದು ಮುಂಬೈ ಹತ್ತಿರದ ಡೊಂಬಿವಲಿಯಲ್ಲಿ, ಒಂದು ಬೆಡ್‌ರೂಮಿನ ಮನೆ. ಕಪಾಟಿಗೂ ಕಿಟಕಿಗೂ ನಡುವೆ ಇರುವ ಜಾಗ 40 ಇಂಚು. ಹಾಗಾಗಿ ನನ್ನ ರೈಲ್ವೆಯ ಅಗಲವೂ 40 ಇಂಚು. ಎಂಟಡಿ ನಾಲ್ಕಡಿ ಪ್ಲೈವುಡ್ ತಂದು, ಅಂಗಡಿಯಲ್ಲೇ ಕೊಯ್ಸಿ, ಆರಡಿ ಉದ್ದ 40 ಇಂಚು ಅಗಲ ಮಾಡಿಕೊಂಡೆ. ಹಗಲು ಹೊತ್ತು ಬಾಗಿಲ ಹಿಂದೆ ಗೋಡೆಗೆ ಒರಗಿ ನಿಂತಿರುತ್ತದೆ. ರಾತ್ರಿ ಊಟವಾದ ಮೇಲೆ ಎರಡು ಸ್ಟೂಲಿನ ಮೇಲೆ ಮಲಗಿಸಿದರೆ ಅರ್ಧ ಗಂಟೆ ರೈಲು. ಇಷ್ಟು ಜಾಗಕ್ಕೆ 18 ಇಂಚು ತ್ರಿಜ್ಯದ ತಿರುವು ಹಿಡಿಸುತ್ತದೆ, ಅದಕ್ಕಿಂತ ದೊಡ್ಡದು ಹಿಡಿಸುವುದಿಲ್ಲ. ಈ ಲೆಕ್ಕ ನೆನಪಿಟ್ಟುಕೊಳ್ಳಿ, ಮುಂದಿನ ಎಲ್ಲ ರಗಳೆಯೂ ಇದರದ್ದೇ.

ಹುಚ್ಚು ಹತ್ತಿದ್ದು ಪುಣೆಯಲ್ಲಿ. ಕೋಥ್ರೂಡ್‌ನ ಜೋಶಿಯವರ ಪುಟಾಣಿ ರೈಲ್ವೆ ಮ್ಯೂಸಿಯಂ, 1998ರಲ್ಲಿ ಶುರುವಾದದ್ದು, ನೋಡಿಲ್ಲದವರು ಒಂದು ಸಲ ಹೋಗಿ ಬನ್ನಿ. ನಾನು ಅಣ್ಣನ ಮಗನನ್ನು ಕರೆದುಕೊಂಡು ಹೋದೆ, ಅವನು ಹತ್ತು ನಿಮಿಷಕ್ಕೆ ಐಸ್‌ಕ್ರೀಮ್ ಕೇಳಿದ, ನಾನು ಕದಲಲಿಲ್ಲ. ವಾಪಸ್ ಬಂದ ವಾರವೇ ಎಂಜಿನ್ ಹುಡುಕಲು ಕೂತೆ. ಬೇಕಿದ್ದದ್ದು ರೆಡಿ-ಟು-ರನ್, ಅಂದರೆ ಪೆಟ್ಟಿಗೆಯಿಂದ ತೆಗೆದು ಹಳಿ ಮೇಲೆ ಇಟ್ಟರೆ ಓಡಬೇಕು. ಕಿಟ್ ತಂದು ಜೋಡಿಸುವ ತಾಳ್ಮೆ ನನಗಿಲ್ಲ. ಡೀಸೆಲ್ಲೇ ಆಗಬೇಕು, ಅದೂ ನಮ್ಮ ರೈಲ್ವೆಯದ್ದೇ ಆಗಬೇಕು ಅನ್ನುವ ಆಸೆ. ಪಕ್ಕದ ಕಲ್ಯಾಣ್ ಶೆಡ್ಡಿನ ಎಂಜಿನ್ನುಗಳನ್ನು ದಿನಾ ಲೋಕಲ್‌ನಿಂದ ನೋಡಿಕೊಂಡು ಓಡಾಡುವವನು ನಾನು, ಬೇರೆ ಇನ್ನೇನು ಕೇಳಲಿ?

ಹೀಗೆ ಸಿಕ್ಕಿದ್ದು ಡಬ್ಲ್ಯೂಡಿಎಂ-3ಎ. ಇಲ್ಲೇ ನಮ್ಮ ದೇಶದಲ್ಲೇ ಸಣ್ಣ ಮಟ್ಟದಲ್ಲಿ ಮಾಡುವವರೊಬ್ಬರ ಕೆಲಸ, ಹೆಸರು ಬೇಡ. ಕೊಟ್ಟದ್ದು 14,000 ರೂಪಾಯಿ. ನೋಡಲು ಅಪ್ಪಟ. ಲಾಂಗ್ ಹುಡ್ (ಕ್ಯಾಬಿನ ಒಂದು ಕಡೆಯ ಉದ್ದನೆಯ ಮೂತಿ) ಪಕ್ಕದ ಜಾಲರಿ, ಕ್ಯಾಬಿನ ಕಿಟಕಿ, ಮುಂದೆ ಹಳಿಗೆ ಅಡ್ಡ ಬಂದದ್ದನ್ನು ತಳ್ಳುವ ಕೌ ಕ್ಯಾಚರ್, ಡಿಕ್ಕಿ ತಡೆಯುವ ದುಂಡು ತಟ್ಟೆಯ ಎರಡು ಬಫರ್, ಎಲ್ಲ ಇದ್ದವು. ಪೆಟ್ಟಿಗೆ ಬಿಚ್ಚಿದಾಗ ನನ್ನ ಹೆಂಡತಿಯೇ "ಅಯ್ಯೋ, ಎಷ್ಟು ಚೆಂದ ಇದೆ" ಅಂದಳು. ನಮ್ಮ ಮನೆಯಲ್ಲಿ ಅದು ದೊಡ್ಡ ಮಾತು.

ಹಳಿ ಮೇಲೆ ಇಟ್ಟೆ. ನೇರ ಹಳಿಯಲ್ಲಿ ರಾಜನ ಹಾಗೆ ಹೋಯಿತು. ಮೊದಲ ತಿರುವಿನಲ್ಲಿ ಸ್ವಲ್ಪ ಗುರ್ರೆಂದಿತು. ಎರಡನೇ ತಿರುವಿನಲ್ಲಿ ಮುಂದಿನ ಗಾಲಿ ಎದ್ದು ಹಳಿ ಬಿಟ್ಟಿತು. ಹಲಗೆಯ ಅಂಚಿಗೆ ಇರುವುದು ಒಂದೇ ಇಂಚು, ಅದು ನಿಲ್ಲಲಿಲ್ಲ, ಸೀದಾ ಕೆಳಗೆ. ಪುಣ್ಯಕ್ಕೆ ಕೆಳಗೆ ಒಗೆದ ಬಟ್ಟೆಯ ರಾಶಿ ಇತ್ತು. "ಏನ್ರೀ, ಹದಿನಾಲ್ಕು ಸಾವಿರ ಕೊಟ್ಟು ತಂದಿದ್ದು ಬೀಳಿಸೋಕಾ?" ಅಂತ ಅಡುಗೆಮನೆಯಿಂದ ಕೇಳಿತು. ಚೆಂದ ಅಂದ ಬಾಯಿಯೇ.

ಯಾಕೆ ಹೀಗೆ ಅಂತ ಮೂರು ವಾರ ತಲೆ ಕೆಡಿಸಿಕೊಂಡೆ. ನಾವು ಪ್ರಯಾಣಿಕರು ಡಬ್ಬಿಗೆ ಬೋಗಿ ಅನ್ನುತ್ತೇವೆ, ಆದರೆ ರೈಲ್ವೆಯವರಿಗೆ ಬೋಗಿ ಅಂದರೆ ಕೆಳಗಿನ ಗಾಲಿಗಳ ಚೌಕಟ್ಟು. ಈ ಎಂಜಿನ್ನಿಗೆ ಅಂಥ ಎರಡು ಬೋಗಿ, ಒಂದೊಂದರಲ್ಲಿ ಮೂರು ಅಚ್ಚು. ಮೂರೂ ಒಂದೇ ಸಾಲಿನಲ್ಲಿ ಬಿಗಿಯಾಗಿ ಕೂತಿರುತ್ತವೆ. ಹಳಿ ಬಾಗಿದಾಗ ಎರಡು ತುದಿಯ ಅಚ್ಚುಗಳು ಹೊರಗಿನ ಹಳಿಯನ್ನು ಒತ್ತುತ್ತವೆ, ನಡುವಿನದು ಒಳಗಿನ ಹಳಿಯನ್ನು ಒತ್ತುತ್ತದೆ. ನಡುವಿನ ಅಚ್ಚಿಗೆ ಅತ್ತಿತ್ತ ಸರಿಯಲು ಒಂದಿಷ್ಟು ಸಡಿಲ ಬಿಟ್ಟಿದ್ದರೆ ಬಚಾವು. ಬಿಟ್ಟಿರದಿದ್ದರೆ ಎಲ್ಲೋ ಒಂದು ಗಾಲಿ ಹಳಿ ಮೇಲೆ ಹತ್ತಲೇಬೇಕು. ನನ್ನದರಲ್ಲಿ ಸಡಿಲವೇ ಇರಲಿಲ್ಲ, ಕಾಗದ ತೂರಿಸಿ ನೋಡಿದೆ, ಹೋಗಲಿಲ್ಲ. ಸಾಲದ್ದಕ್ಕೆ ಬೋಗಿ ತಿರುಗಿದಾಗ ಅದರ ಮೂಲೆ ಕ್ಯಾಬಿನ ಕೆಳಗಿನ ಮೆಟ್ಟಿಲಿಗೆ ತಾಗುತ್ತಿತ್ತು. ಮೆಟ್ಟಿಲು ಉಜ್ಜಿದೆ. ಆಮೇಲೆ ಕೌ ಕ್ಯಾಚರ್ ಹಳಿಯ ಜೋಡಣೆಗೆ ಕೊಕ್ಕೆ ಹಾಕತೊಡಗಿತು, ಅದನ್ನೂ ಅರ ಹಿಡಿದು ಉಜ್ಜಿದೆ. ಒಳಗೆ ಸೀಸದ ತುಂಡು ಇಟ್ಟು ಭಾರ ಮಾಡಿದೆ. ಈಗ ಒಂಟಿಯಾಗಿ ಮೆಲ್ಲಗೆ ಬಿಟ್ಟರೆ ಸುತ್ತು ಹಾಕುತ್ತದೆ. ಹಿಂದೆ ಮೂರು ಡಬ್ಬಿ ಕಟ್ಟಿದಿರೋ, ಡಬ್ಬಿ ಒಳಕ್ಕೆ ಎಳೆಯುತ್ತದೆ, ಬಫರಿಗೆ ಬಫರ್ ಸಿಕ್ಕಿಹಾಕಿಕೊಳ್ಳುತ್ತದೆ, ಮತ್ತೆ ಬಟ್ಟೆಯ ರಾಶಿ.

ಮಾರಿದವರಿಗೆ ಫೋನ್ ಮಾಡಿದೆ. ಬಹಳ ಮರ್ಯಾದೆಯಿಂದಲೇ ಮಾತಾಡಿದರು. "ಸರ್, ಇದಕ್ಕೆ ಕಡಿಮೆ ಅಂದರೂ 22 ಇಂಚಿನ ತಿರುವು ಬೇಕು." ಜಾಹೀರಾತಿನಲ್ಲಿ ಎಲ್ಲ ಎಚ್‌ಓ (ನಿಜದ 87ರಲ್ಲಿ ಒಂದು ಪಾಲು ಅಳತೆಯ ಮಾದರಿ ರೈಲು) ಹಳಿ ಮೇಲೂ ಓಡುತ್ತದೆ ಅಂತ ಇತ್ತಲ್ಲ ಅಂದೆ. "ಓಡುತ್ತೆ ಸರ್, 22 ಇಂಚಿನ ಎಚ್‌ಓ ಹಳಿ ಮೇಲೆ." ಏನು ಹೇಳಲಿ ಇದಕ್ಕೆ? 22ರ ಎರಡು ಪಟ್ಟು 44, ಹಳಿಯ ಅಗಲ ಸೇರಿದರೆ 45ಕ್ಕೂ ಮೇಲೆ, ಅಂಚಿಗೆ ಒಂದೊಂದು ಇಂಚು ಬಿಟ್ಟರೆ ಪ್ಲೈವುಡ್ಡಿನ ಪೂರ್ತಿ ನಾಲ್ಕಡಿ ಬೇಕು. ಕಪಾಟು ಮಾರಬೇಕಾಗುತ್ತದೆ. ಕಪಾಟು ಹೆಂಡತಿಯ ತವರಿನದ್ದು.

ಇಲ್ಲಿಂದ ನನ್ನ ನಿಜವಾದ ತಕರಾರು ಶುರುವಾಯಿತು. ನಮ್ಮ ದೊಡ್ಡ ಲೈನಿನ ಡೀಸೆಲ್‌ಗಳು ಹೆಚ್ಚುಕಮ್ಮಿ ಎಲ್ಲ ಆರು ಅಚ್ಚಿನವು. ಡಬ್ಲ್ಯೂಡಿಎಂ-2, 3ಎ, 3ಡಿ, ಡಬ್ಲ್ಯೂಡಿಜಿ-4, ಎಲ್ಲ. ನಾನು ವಿಚಾರಿಸಿದ ಕಡೆಯೆಲ್ಲ ಓಡುವ ಮಾದರಿ ಅಂತ ತೋರಿಸಿದ್ದು ಇವನ್ನೇ, ಇಲ್ಲವೇ ಡಬ್ಲ್ಯೂಎಪಿ-7 ಥರದ ಎಲೆಕ್ಟ್ರಿಕ್‌ಗಳನ್ನು. ಬಣ್ಣ ಹತ್ತು ಥರ, ಶೆಡ್ಡಿನ ಹೆಸರು ಹತ್ತು ಥರ, ಕೆಳಗೆ ಮಾತ್ರ ಅದೇ ಆರು ಅಚ್ಚು. ಆದರೆ ನಮ್ಮಲ್ಲಿ ನಾಲ್ಕು ಅಚ್ಚಿನದ್ದೂ ಇತ್ತಲ್ಲ! ಡಬ್ಲ್ಯೂಡಿಪಿ-1. 1995ರಲ್ಲಿ ವಾರಾಣಸಿಯಲ್ಲಿ ಮಾಡಿದ್ದು, 12 ಸಿಲಿಂಡರ್, 2300 ಅಶ್ವಶಕ್ತಿ, ಒಂದೊಂದು ಬೋಗಿಗೆ ಎರಡೇ ಅಚ್ಚು. ನನ್ನ 40 ಇಂಚಿಗೆ ಹೇಳಿ ಮಾಡಿಸಿದ ಹಾಗಿದೆ. ಇನ್ನೂ ಚಿಕ್ಕದು ಬೇಕಾ, ಚಿತ್ತರಂಜನ್‌ನಲ್ಲಿ ಕಟ್ಟಿದ ಡಬ್ಲ್ಯೂಡಿಎಸ್-4 ಶಂಟರ್ ಇದೆ, ಮೂರೇ ಅಚ್ಚು, ಯಾರ್ಡಿನಲ್ಲಿ ಡಬ್ಬಿ ತಳ್ಳುತ್ತಾ ಜೀವನ ಸವೆಸಿದ್ದು. ಮುಂಬೈಯಂಥ ಊರಿನಲ್ಲಿ ಯಾರ ಮನೆಯಲ್ಲಿ ನಾಲ್ಕಡಿ ಅಗಲ ಖಾಲಿ ಇರುತ್ತದೆ ಹೇಳಿ? ಹಿಡಿಸುವ ಎಂಜಿನ್ ಯಾವುದೋ ಅದೊಂದೇ ನನಗೆ ಎಲ್ಲೂ ಸಿಗಲಿಲ್ಲ. ಎರಡು ತಿಂಗಳು ಕೇಳಿದೆ. "ಅದನ್ನು ಯಾರು ತಗೋತಾರೆ ಸರ್" ಅಂದರು ಒಬ್ಬರು. ನಾನು ತಗೋತೀನಲ್ಲ ಮಾರಾಯ, ಅದಕ್ಕೇ ತಾನೇ ಫೋನ್ ಮಾಡಿರೋದು!

ಆಗ ಕಣ್ಣಿಗೆ ಬಿದ್ದದ್ದು ಆರ್‌ಎಸ್-3.

ಇದೇನೂ ಪರರ ಮನೆಯದ್ದಲ್ಲ. ಅಮೆರಿಕದ ಆಲ್ಕೋ ಕಂಪನಿ 1950ರಿಂದ 56ರವರೆಗೆ ಮಾಡಿದ್ದು. ಅದೇ ಆಲ್ಕೋದಿಂದಲೇ 1962ರಲ್ಲಿ ನಮಗೆ ಡಬ್ಲ್ಯೂಡಿಎಂ-2 ಬಂತು, ಆಮೇಲೆ ವಾರಾಣಸಿಯಲ್ಲಿ ನಾವೇ ಮಾಡತೊಡಗಿದೆವು, 1969ರಲ್ಲಿ ಆಲ್ಕೋ ಬಾಗಿಲು ಹಾಕಿದ ಮೇಲೂ ಮಾಡುತ್ತಲೇ ಇದ್ದೆವು. ಹಾಗಾಗಿ ಆರ್‌ಎಸ್-3 ನಮ್ಮ ಎಂಜಿನ್ನಿಗೆ ದೊಡ್ಡಪ್ಪನ ಥರ. ಒಂದು ಕಡೆ ಉದ್ದನೆಯ ಹುಡ್, ನಡುವೆ ಕ್ಯಾಬ್, ಇನ್ನೊಂದು ಕಡೆ ಎತ್ತರದ ಶಾರ್ಟ್ ಹುಡ್. ಉದ್ದವೂ ಹೆಚ್ಚುಕಮ್ಮಿ ಅಷ್ಟೇ, ಸುಮಾರು 17 ಮೀಟರ್, ಎಚ್‌ಓ ಅಳತೆಯಲ್ಲಿ 20 ಸೆಂಟಿಮೀಟರಿಗೆ ಹತ್ತಿರ. ಮೂಲೆಗಳು ಸ್ವಲ್ಪ ಜಾಸ್ತಿ ದುಂಡಗಿವೆ. ಮುಖ್ಯವಾದದ್ದು, ನಾಲ್ಕೇ ಅಚ್ಚು.

ಅಮೆರಿಕದಿಂದ ಬರುತ್ತಿದ್ದ ಭಾವನ ಕೈಯಲ್ಲಿ ತರಿಸಿದೆ, ಎಂಟು ಸಾವಿರ ಚಿಲ್ಲರೆ ಬಿತ್ತು. ಪೆಟ್ಟಿಗೆಯಿಂದ ತೆಗೆದು ಇಟ್ಟೆ, ಓಡಿತು. ಅದರ ಬಗ್ಗೆ ಬರೆಯಲು ಹೆಚ್ಚೇನೂ ಇಲ್ಲ, ಓಡಿತು ಅಷ್ಟೇ. ಆರು ಗೂಡ್ಸ್ ಡಬ್ಬಿ ಎಳೆದುಕೊಂಡು 18 ಇಂಚಿನ ತಿರುವಿನಲ್ಲಿ ರಾತ್ರಿ ಅರ್ಧ ಗಂಟೆ ಸುತ್ತುತ್ತದೆ, ನಾನು ಚಹಾ ಕುಡಿಯುತ್ತಾ ನೋಡುತ್ತೇನೆ. ಬಟ್ಟೆಯ ರಾಶಿ ಮಡಿಚಿ ಕಪಾಟು ಸೇರಿತು.

ತಪ್ಪು ಇಲ್ಲ ಅಂತಲ್ಲ. ಇದಕ್ಕೆ ಬಫರ್ ಇಲ್ಲ, ಅಮೆರಿಕದಲ್ಲಿ ಬಫರ್ ಇಡುವುದಿಲ್ಲ. ನಮ್ಮ ಕಣ್ಣಿಗೆ ಅದು ಮೂಗುತಿ ಇಲ್ಲದ ಮೂಗಿನ ಹಾಗೆ ಕಾಣುತ್ತದೆ. ರವಿಕೆಗೆ ಹಾಕುವ ಟಿಚ್ ಬಟನ್ ನಾಲ್ಕು ತಂದು ಅಂಟಿಸಿದೆ, ದೂರದಿಂದ ಯಾರಿಗೂ ಗೊತ್ತಾಗುವುದಿಲ್ಲ. ಇನ್ನೊಂದು, ಒಳಗೆ ಡಿಜಿಟಲ್ ಡಿಕೋಡರ್ ಕೂತಿದೆ, ಅಂದರೆ ಡಿಜಿಟಲ್ ಸಂಕೇತ ಓದಿ ಮೋಟಾರು ಓಡಿಸುವ ಚಿಪ್ಪು, ಆದರೆ ನನ್ನದು ವೋಲ್ಟೇಜ್ ಏರಿಸಿ ಇಳಿಸಿ ವೇಗ ಬದಲಿಸುವ ಸಾದಾ ಡಿಸಿ ಕಂಟ್ರೋಲರ್, ಲ್ಯಾಮಿಂಗ್ಟನ್ ರೋಡಿನಿಂದ ಸಾಮಾನು ತಂದು ನಾನೇ ಕಟ್ಟಿದ್ದು. ಅದಕ್ಕೇ ಅರ್ಧ ವೋಲ್ಟೇಜ್ ಏರುವವರೆಗೂ ಎಂಜಿನ್ ಅಲುಗುವುದಿಲ್ಲ, ಆಮೇಲೆ ತಟಕ್ಕನೆ ಹೊರಡುತ್ತದೆ, ಮುಂಬೈಯ ಬೆಸ್ಟ್ ಬಸ್ಸಿನ ಡ್ರೈವರ್ ಕ್ಲಚ್ ಬಿಟ್ಟ ಹಾಗೆ. ಅಭ್ಯಾಸವಾಗಿದೆ.

ಬಣ್ಣ ನಾನೇ ಹೊಡೆದೆ. ಕಂದುಗೆಂಪು, ನಡುವೆ ಹಳದಿ ಪಟ್ಟಿ. ಕ್ಯಾಬಿನ ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ ಕೆಜೆಎಂ ಅಂತ ಬರೆದೆ, ನಮ್ಮ ಕೃಷ್ಣರಾಜಪುರಂ ಶೆಡ್ಡಿನ ಗುರುತು. ಕಲ್ಯಾಣ್ ಅಂತ ಬರೆಯಬಹುದಿತ್ತು, ಕೈ ಬರಲಿಲ್ಲ.

ಇನ್ನು ಹಾರ್ನ್‌ಬಿಯ ಕ್ಲಾಸ್ 08. ಪುಣೆಯ ಗೆಳೆಯರೊಬ್ಬರು ಮನೆ ಬದಲಿಸುವಾಗ 3,500ಕ್ಕೆ ಕೊಟ್ಟರು. ಬ್ರಿಟನ್ನಿನ ಶಂಟರ್, ಮೂರು ಅಚ್ಚು, ಗಾಲಿಗಳ ಹೊರಗೆ ಕೂಡುಕೋಲು ಆಡುತ್ತದೆ, ಮೆಲ್ಲಗೆ ಬಿಟ್ಟರೆ ನೋಡಲು ಬಲು ಖುಷಿ. ಡಬ್ಲ್ಯೂಡಿಎಸ್-4 ಅಂತ ಅಂದುಕೊಳ್ಳಬಹುದು, ಕಣ್ಣು ಸ್ವಲ್ಪ ಕಿರಿದು ಮಾಡಬೇಕು. ಇದು ಓಓ ಅಳತೆ, ಅಂದರೆ 76ರಲ್ಲಿ ಒಂದು. ಎಚ್‌ಓ 87ರಲ್ಲಿ ಒಂದು. ಹಳಿ ಎರಡಕ್ಕೂ ಒಂದೇ 16.5 ಮಿ.ಮೀ., ಹಾಗಾಗಿ ಓಡುತ್ತದೆ, ಆದರೆ ಪಕ್ಕದಲ್ಲಿ ನಿಂತರೆ ಶಂಟರೇ ಮೇನ್‌ಲೈನ್ ಎಂಜಿನ್ನಿನ ಎತ್ತರಕ್ಕೆ ಬರುತ್ತದೆ. ಡಬ್ಬಿ ಜೋಡಿಸುವ ಕಪ್ಲಿಂಗ್ ಎರಡಕ್ಕೂ ಬೇರೆ ಬೇರೆ. ಅದಕ್ಕೆ ಒಂದು ಡಬ್ಬಿಯ ಒಂದು ತುದಿಗೆ ಅದರ ಕೊಕ್ಕೆ, ಇನ್ನೊಂದು ತುದಿಗೆ ಅಮೆರಿಕದ್ದು ಹಾಕಿ ನಡುವೆ ನಿಲ್ಲಿಸಿದ್ದೇನೆ. ಮಳೆಗಾಲದಲ್ಲಿ ಮಾತ್ರ ಕಷ್ಟ. ಈ ಕಡೆಯ ತೇವಕ್ಕೆ ಹಳಿ ಎರಡು ದಿನಕ್ಕೆ ಮಸುಕಾಗುತ್ತದೆ, ಇರುವ ಆರು ಗಾಲಿಗೆ ಕರೆಂಟು ಸಿಗದೆ ಪಾಯಿಂಟ್ಸ್ (ಹಳಿ ಕವಲೊಡೆಯುವ ಜಾಗ) ಮೇಲೆ ನಿಂತುಬಿಡುತ್ತದೆ. ಬೆರಳಲ್ಲಿ ತಳ್ಳಬೇಕು. ಆರ್‌ಎಸ್-3 ಉದ್ದ ಇರುವುದರಿಂದ ದಾಟಿಕೊಳ್ಳುತ್ತದೆ.

ಒಂದು ಮಾತು 3ಎ ಪರವಾಗಿ. ಅದು ತೆಳ್ಳಗಿನ ಕಾಲಿನ ಮೇಲೆ ನಿಂತ ಹಾಗೆ ಕಾಣುತ್ತದೆ ಅಂತ ಕೆಲವರು ಬೈಯುತ್ತಾರೆ. ನಮ್ಮ ಬ್ರಾಡ್ ಗೇಜ್ 1676 ಮಿ.ಮೀ., 87ರಿಂದ ಭಾಗಿಸಿದರೆ 19.3 ಬರಬೇಕು, ಸಿಗುವ ಹಳಿ 16.5. ಅದು ಮಾಡಿದವರ ತಪ್ಪಲ್ಲ. ಸಿಗುವ ಹಳಿಗೆ ತಕ್ಕಂತೆ ಅವರೂ ಮಾಡಲೇಬೇಕು.

ನನಗೆ ಒಳಗೊಳಗೇ ಬೇಕಿರುವುದು ಇನ್ನೊಂದಿದೆ, ವೈಡಿಎಂ-4. ಅರಸೀಕೆರೆ ಸ್ಟೇಷನ್ನಿನಲ್ಲಿ ಮೀಟರ್ ಗೇಜ್ ಇದ್ದಾಗ ಅಪ್ಪನ ಕೈ ಹಿಡಿದು ನೋಡಿದ್ದು ಅದನ್ನೇ. ತೊಂಬತ್ತರ ದಶಕದಲ್ಲಿ ಆ ಲೈನ್ ಬ್ರಾಡ್ ಗೇಜ್ ಆಯಿತು, ಎಂಜಿನ್ನೂ ಹೋಯಿತು. ರೆಡಿ-ಟು-ರನ್ ವೈಡಿಎಂ-4 ನನಗೆ ಸಿಕ್ಕಿಲ್ಲ, ಸಿಕ್ಕರೂ ಅದಕ್ಕೆ 12 ಮಿ.ಮೀ. ಹಳಿ ಬೇಕು, ಹೊಸ ಹಲಗೆ ಬೇಕು. ಅದೂ ಆರು ಅಚ್ಚಿನದ್ದೇ ಬೇರೆ. ಕಪಾಟಿನ ವಿಷಯ ಮತ್ತೆ ಬರುತ್ತದೆ, ಬಿಡಿ.

ನನ್ನ ಹಾಗೆ ವರ್ಷಕ್ಕೆ ಹತ್ತು ಸಾವಿರದ ಒಳಗೆ ಮುಗಿಸಬೇಕು, ರಾತ್ರಿ ಇಳಿಸಿ ಬೆಳಿಗ್ಗೆ ಎತ್ತಿಡಬೇಕು ಅನ್ನುವವರು ಸುಮ್ನೆ ಆರ್‌ಎಸ್-3 ತಗೊಳ್ಳಿ, ಬಣ್ಣ ಹೊಡೆದುಕೊಳ್ಳಿ. ಊರಲ್ಲಿ ದೊಡ್ಡ ಹಜಾರ ಇರುವವರಿಗೆ ನನ್ನ ಮಾತು ಅನ್ವಯಿಸುವುದಿಲ್ಲ, ಅವರಿಗೆ 3ಎ ಚೆನ್ನಾಗಿಯೇ ಓಡೀತು. ಅಂಥವರು ಯಾರಾದರೂ ಇದ್ದರೆ ಶೋಕೇಸಿನಲ್ಲಿರುವುದನ್ನು ಅರ್ಧ ಬೆಲೆಗೆ ಕೊಡುತ್ತೇನೆ. ಕೌ ಕ್ಯಾಚರ್ ಉಜ್ಜಿದೆ, ಎಡಗಡೆಯ ಮೆಟ್ಟಿಲು ಅರ್ಧ ಇಲ್ಲ, ಒಳಗೆ ಸೀಸ ಇದೆ. ಬಂದು ನೋಡಿ ತಗೊಂಡು ಹೋಗಬೇಕು, ಕೊರಿಯರ್ ಮಾಡುವುದಿಲ್ಲ.