ಬೀರು ಸರಿಸಿದ ಹಾಗೆ ತಿರುಗುತ್ತಿದ್ದೆ: ಸ್ಕೀ ಕಲಿಕೆಯ ನಾಲ್ಕು ಕಸರತ್ತು, ನನ್ನ ಹೋಲಿಕೆ

ಹೋದ ಚಳಿಗಾಲದಲ್ಲಿ ನಾನು ಸ್ಕೀ ಮಾಡುವುದನ್ನು ಗೆಳೆಯನೊಬ್ಬ ಕೆಳಗೆ ನಿಂತು ವಿಡಿಯೋ ಮಾಡಿದ. ಅವನು ಮೈಸೂರಿನವನು, ನಾನು ಬೆಂಗಳೂರಿನವನು. ಇಬ್ಬರಿಗೂ ಜರ್ಮನಿಯ ಮ್ಯೂನಿಕ್‌ನಲ್ಲಿ ಕೆಲಸ. ಅಲ್ಲಿಂದ ರೈಲಿನಲ್ಲಿ ಒಂದು ಗಂಟೆ ಹೋದರೆ ಲೆಂಗ್‌ಗ್ರೀಸ್, ಅದರ ಪಕ್ಕದಲ್ಲೇ ಬ್ರೌನೆಕ್ ಬೆಟ್ಟ. ವಿಡಿಯೋ ತೋರಿಸಿ ಅವನು ಹೇಳಿದ್ದು ಒಂದೇ ಮಾತು: "ಮಗಾ, ಬೀರು ಸರಿಸಿದ ಹಾಗೆ ತಿರುಗ್ತಿದ್ದೀಯಲ್ಲೋ."

ನಿಜವೇ. ಎಡಕ್ಕೆ ತಿರುಗಬೇಕು ಅಂದರೆ ತಲೆ, ಭುಜ, ಸೊಂಟ, ಕಾಲು ಎಲ್ಲವೂ ಒಟ್ಟಿಗೆ ಎಡಕ್ಕೆ ಹೋಗುತ್ತಿದ್ದವು. ನೀಲಿ ಗುರುತಿನ ಸುಲಭದ ಇಳಿಜಾರಿನಲ್ಲಿ ಹೇಗೋ ನಡೆದುಹೋಗುತ್ತದೆ. ಅದಕ್ಕಿಂತ ಕಡಿದಾದ ಕೆಂಪು ಗುರುತಿನ ಕಡೆ ಬಂದರೆ ಬಣ್ಣ ಬಯಲು. ತಿರುವು ಮುಗಿಯುವಷ್ಟರಲ್ಲಿ ನನ್ನ ಎದೆ ಪಕ್ಕದ ಕಾಡನ್ನು ನೋಡುತ್ತಿರುತ್ತದೆ. ಮುಂದಿನ ತಿರುವಿಗೆ ಇಡೀ ಮೈಯನ್ನು ಈ ಕಡೆಯಿಂದ ಆ ಕಡೆಗೆ ಎಳೆದು ತರಬೇಕು. ಅಷ್ಟರೊಳಗೆ ವೇಗ ಜಾಸ್ತಿ ಆಗಿ, ಕಾಲಿಗೆ ಕಟ್ಟಿದ ಉದ್ದ ಹಲಗೆಗಳ, ಅಂದರೆ ಸ್ಕೀಗಳ, ಹಿಂಭಾಗ ಜಾರಿರುತ್ತದೆ.

ಇದಕ್ಕೆ ಮದ್ದು ಅಂತ ಎಲ್ಲರೂ ಹೇಳುವುದು ಸೆಪರೇಶನ್. ನಡುವಿನ ಮೇಲಿನ ಮೈ ಇಳಿಜಾರಿನ ಕೆಳಗಡೆಗೆ ಮುಖ ಮಾಡಿ ಸುಮ್ನೆ ಇರಬೇಕು, ಕಾಲು ಮಾತ್ರ ಅದರಡಿ ತಿರುಗಬೇಕು. ಬೀಸುಕಲ್ಲಿನಲ್ಲಿ ಕೆಳಗಿನ ಕಲ್ಲು ಕೂತಿರುತ್ತದೆ, ಮೇಲಿನದು ತಿರುಗುತ್ತದೆ ಅಲ್ವಾ? ಇಲ್ಲಿ ಅದು ಉಲ್ಟಾ. ಆದರೆ ಗೂಟ ಎಲ್ಲಿದೆ ಅನ್ನುವುದೇ ಪ್ರಶ್ನೆ. ಹೊಕ್ಕುಳಿನ ಮಟ್ಟದಲ್ಲಿ, ಬೆನ್ನಿನಲ್ಲಿ ಇದೆ ಅಂತ ನಾನು ಅಂದುಕೊಂಡಿದ್ದೆ. ಇಡೀ ಜನವರಿ ಹಾಳಾಗಿದ್ದು ಈ ಒಂದು ತಪ್ಪಿನಿಂದ. ನಿಜವಾದ ಗೂಟ ಎರಡು. ತೊಡೆ ಮೂಳೆಯ ಗುಂಡನೆಯ ತುದಿ ಸೊಂಟದ ಮೂಳೆಯ ಕುಳಿಯಲ್ಲಿ ಕೂತಿರುತ್ತದಲ್ಲ, ತಿರುಗಬೇಕಾದ್ದು ಅಲ್ಲಿ. ಬೆನ್ನಿನ ಕೆಳಭಾಗದ ಮೂಳೆಗಳು ಬಾಗುವುದಕ್ಕೆ ಒಗ್ಗುತ್ತವೆ, ತಿರುಚುವುದಕ್ಕೆ ಅಷ್ಟಾಗಿ ಒಗ್ಗುವುದಿಲ್ಲ.

ನಾನು ಮೊದಲು ಹಿಡಿದದ್ದು ಕಿಟಕಿ ಕಸರತ್ತು. ಕೈಯಲ್ಲಿರುವ ಎರಡು ಊರುಗೋಲು, ಅಂದರೆ ಪೋಲ್‌ಗಳನ್ನು, ಮಧ್ಯದಲ್ಲಿ ಹಿಡಿದು, ಕಣ್ಣೆದುರು ನೆಟ್ಟಗೆ ನಿಲ್ಲಿಸಿ, ಕಿಟಕಿ ಚೌಕಟ್ಟಿನ ಹಾಗೆ ಮಾಡಿಕೊಳ್ಳಬೇಕು. ಕೆಳಗೆ ಒಂದು ಮರವನ್ನೋ ಬೆಟ್ಟ ಹತ್ತಿಸುವ ಲಿಫ್ಟ್‌ನ ಕಂಬವನ್ನೋ ಗುರಿ ಇಟ್ಟುಕೊಂಡು, ಚಿಕ್ಕ ಚಿಕ್ಕ ತಿರುವು ತೆಗೆದುಕೊಳ್ಳುತ್ತಾ ಅದನ್ನು ಚೌಕಟ್ಟಿನೊಳಗೇ ಉಳಿಸಿಕೊಳ್ಳಬೇಕು. ಪೋಲ್‌ಗಳನ್ನು ಅಡ್ಡ ಇಟ್ಟು, ಟೀ ತಟ್ಟೆ ಹಿಡಿದ ಹಾಗೆ ಮಾಡುವುದೂ ಇದೇ ಜಾತಿಯದು. ಕಲಿಯಲು ಐದು ನಿಮಿಷ ಸಾಕು, ಭಯವೂ ಇಲ್ಲ. ಮೊದಲ ದಿನವೇ ಕಂಬ ಚೌಕಟ್ಟಿನಲ್ಲಿ ನಿಂತಿತು. ನನಗೋ ಭಾರೀ ಖುಷಿ.

ಸಂಜೆ ನಡು ಹಿಡಿದುಕೊಂಡಿತು. ವಿಡಿಯೋ ನೋಡಿದರೆ ಕೈ ಮತ್ತು ಭುಜ ಕಣಿವೆ ನೋಡುತ್ತಿವೆ, ಸೊಂಟ ಮಾತ್ರ ಮೊದಲಿನ ಹಾಗೇ ಸ್ಕೀ ಹಿಂದೆ ಹೋಗುತ್ತಿದೆ. ಒದ್ದೆ ಟವೆಲ್ ಹಿಂಡಿದ ಹಾಗೆ ಬೆನ್ನನ್ನು ತಿರುಚುತ್ತಿದ್ದೆ. ಈ ಕಸರತ್ತು ಕಣ್ಣಿಗೂ ಕೈಗೂ ಕೆಲಸ ಕೊಡುತ್ತದೆ, ಸೊಂಟವನ್ನು ಕೇಳುವುದೇ ಇಲ್ಲ. ತಪ್ಪು ಮಾಡಿದರೂ ಪಾಸ್ ಮಾಡುತ್ತದೆ. ಪೋಲ್ ಕೆಳಗಿಳಿಸಿದ ಮರುಕ್ಷಣ ಬೀರು ವಾಪಸ್.

ಆಮೇಲೆ ಪೋಲ್ ಊರುವುದು. ತಿರುವು ಮುಗಿಯುವಾಗ ಇಳಿಜಾರಿನ ಕೆಳಗಡೆಗೆ ಕೈ ಚಾಚಿ ಪೋಲನ್ನು ಹಿಮಕ್ಕೆ ಊರಬೇಕು, ಅದನ್ನು ಸುತ್ತಿಕೊಂಡು ಮುಂದಿನ ತಿರುವು. ಊರಿದ ಪೋಲ್ ಮೇಲಿನ ಮೈ ಇನ್ನೂ ತಿರುಗದಂತೆ ತಡೆಯುತ್ತದೆ. ಫ್ರಾನ್ಸಿನ ಜಾರ್ಜ್ ಜೂಬೆರ್ ಎಂಬ ತರಬೇತುದಾರ ಒತ್ತಿ ಹೇಳಿದ 'ಆಂಟಿಸಿಪೇಶನ್' ಇದಕ್ಕೆ ತೀರಾ ಹತ್ತಿರ. ಮೇಲಿನ ಮೈ ಮುಂದಿನ ತಿರುವಿನ ಕಡೆ ಮೊದಲೇ ನೋಡುತ್ತಿರುತ್ತದೆ, ಕಾಲು ಇನ್ನೂ ಹಳೆಯದನ್ನೇ ಮುಗಿಸುತ್ತಿರುತ್ತದೆ. ಉಯ್ಯಾಲೆಯ ಹಗ್ಗಕ್ಕೆ ಹುರಿ ಹಾಕಿ ಕೈ ಬಿಟ್ಟರೆ ತಾನೇ ಬಿಚ್ಚಿಕೊಳ್ಳುತ್ತದಲ್ಲ, ಹಾಗೆ. ಸ್ಕೀ ಅಂಚಿನ ಹಿಡಿತ ಬಿಟ್ಟ ಕೂಡಲೇ ಕಾಲು ತಾನಾಗೇ ಕೆಳಗಡೆಗೆ ಬಿಚ್ಚಿಕೊಳ್ಳುತ್ತದೆ.

ಕೇಳಲು ಚಂದ. ನನ್ನ ಕೈಯಲ್ಲಿ ಅದು ಲಯ ತಪ್ಪಿದ ತಾಳ ಆಯಿತು. ಒಮ್ಮೆ ತಡ, ಒಮ್ಮೆ ಬೇಗ. ತಡವಾಗಿ ಊರಿದಾಗ ಪೋಲ್ ಹಿಂದೆ ಉಳಿದು, ಭುಜವನ್ನೇ ಹಿಂದಕ್ಕೆ ಎಳೆದು, ಬೇಡವಾದ ಕಡೆಗೇ ತಿರುಗಿಸಿತು. ಕಿಟಕಿಗಿಂತ ಇದು ಮೇಲು, ಯಾಕಂದರೆ ನಿಜವಾದ ಸ್ಕೀಯಿಂಗ್‌ನಲ್ಲೂ ಬೇಕಾಗುತ್ತದೆ. ಆದರೆ ಸೆಪರೇಶನ್ ಬಂದವನಿಗೆ ಇದು ಗಟ್ಟಿ ಮಾಡಿಕೊಡುತ್ತದೆ, ಬಾರದವನಿಗೆ ಹೊಸದಾಗಿ ಏನೂ ಕಲಿಸುವುದಿಲ್ಲ.

ಇಲ್ಲೊಂದು ಅಡ್ಡಮಾತು. ಈ ವಿಷಯಕ್ಕೆ ಹಿಂದೆ ದೇಶ ದೇಶಗಳ ನಡುವೆಯೇ ಜಟಾಪಟಿ ಇತ್ತು. ಎಮಿಲ್ ಅಲೈ ಎಂಬ ಫ್ರೆಂಚ್ ಸ್ಕೀಯರ್ 1937ರ ಶಮೊನಿ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಡೌನ್‌ಹಿಲ್, ಸ್ಲಾಲೊಮ್, ಕಂಬೈಂಡ್ ಎಂಬ ಮೂರೂ ಸ್ಪರ್ಧೆಗಳನ್ನು ಗೆದ್ದ. ಫ್ರೆಂಚರ ಪದ್ಧತಿಯಲ್ಲಿ ಮೇಲಿನ ಮೈಯನ್ನೇ ಮೊದಲು ಬೀಸಿ, ಅದರ ಬಲದಿಂದ ಸ್ಕೀ ತಿರುಗಿಸುವುದು. 1950ರ ದಶಕದಲ್ಲಿ ಆಸ್ಟ್ರಿಯಾದ ಸ್ಟೆಫಾನ್ ಕ್ರುಕೆನ್‌ಹೌಸರ್ ಇದಕ್ಕೆ ತದ್ವಿರುದ್ಧವಾದ 'ವೇಡೆಲ್ನ್' ಶೈಲಿಯನ್ನು ಜನಪ್ರಿಯ ಮಾಡಿದರು. ವೇಡೆಲ್ನ್ ಅಂದರೆ ನಾಯಿ ಬಾಲ ಅಲ್ಲಾಡಿಸುವುದು. ನಾಯಿಯ ಮೈ ನಿಂತಲ್ಲೇ ಇರುತ್ತದೆ, ಬಾಲ ಮಾತ್ರ ಆಡುತ್ತದೆ. ಅಂತೂ ನನ್ನ ಬೀರು ತಿರುವಿಗೂ ಒಂದು ವಂಶಾವಳಿ ಇದೆ! ಅಲೈ ಅದನ್ನು ಬೇಕಂತಲೇ ಮಾಡುತ್ತಿದ್ದ, ನಾನು ಬೇರೆ ಬಾರದೆ ಮಾಡುತ್ತಿದ್ದೆ, ಅಷ್ಟೇ ವ್ಯತ್ಯಾಸ. ಆಗಿನ ಮೆತ್ತನೆಯ ಚರ್ಮದ ಬೂಟು, ಉದ್ದನೆಯ ಸ್ಕೀಗಳಿಗೆ ಅಷ್ಟು ಬೀಸು ಬೇಕಿತ್ತೇನೋ. ಈಗಿನ ಗಡುಸು ಪ್ಲಾಸ್ಟಿಕ್ ಬೂಟಿಗೆ, ನಡು ಸಣ್ಣಗಿರುವ ಸ್ಕೀಗೆ ಬೇಡ.

ಫೆಬ್ರವರಿಯಲ್ಲಿ ಆಸ್ಟ್ರಿಯಾದ ಟಿರೋಲ್‌ಗೆ ಹೋಗಿ, ಎರಡು ಗಂಟೆಗೆ ಒಬ್ಬ ಶಿಕ್ಷಕಿಯನ್ನು ಗೊತ್ತು ಮಾಡಿಕೊಂಡೆ. ಅಜ್ಜಿಯ ವಯಸ್ಸು, ಹುಡುಗಿಯ ಕಾಲು. ಆ ಕಡೆ ಸಾವಿರ ಮೀಟರ್ ಎತ್ತರ ದಾಟಿದ ಮೇಲೆ ಬಹುವಚನ ಬಿಡುವುದು ವಾಡಿಕೆ. ನಾನೂ ಕಷ್ಟಪಟ್ಟು ಆಕೆಯನ್ನು ಏಕವಚನದಲ್ಲೇ ಮಾತಾಡಿಸಿದೆ. ನನ್ನ ಎರಡು ತಿರುವು ನೋಡಿ ಹೇಳಿದ್ದು: "ಭುಜ ಮರೆತುಬಿಡು. ಪಾದ ತಿರುಗಿಸು." ಹೇಳಿ ಪಿವಟ್ ಸ್ಲಿಪ್ ಮಾಡಿಸಿದಳು.

ಹೇಗೆ ಅಂದರೆ, ಇಳಿಜಾರಿಗೆ ಅಡ್ಡಲಾಗಿ ಸ್ಕೀ ಇಟ್ಟು ನಿಲ್ಲಬೇಕು. ಎದೆ ಮತ್ತು ಹೊಕ್ಕುಳು ಕೆಳಗಡೆಗೆ. ಸ್ಕೀ ಅಂಚು ಸ್ವಲ್ಪ ಸಡಿಲ ಬಿಟ್ಟರೆ ನೆಟ್ಟಗೆ ಕೆಳಕ್ಕೆ ಅಡ್ಡಡ್ಡ ಜಾರುತ್ತೀರಿ. ಜಾರುತ್ತಿರುವಾಗಲೇ ಸ್ಕೀಯನ್ನು ಚಪ್ಪಟೆ ಮಾಡಿ, ಎರಡೂ ಪಾದಗಳನ್ನು ಒಟ್ಟಿಗೆ ತಿರುಗಿಸಿ, ಪೂರಾ 180 ಡಿಗ್ರಿ, ಮತ್ತೆ ಅಡ್ಡ ಜಾರುವುದು. ಮುಂದಕ್ಕೂ ಹೋಗಬಾರದು, ಹಿಂದಕ್ಕೂ ಹೋಗಬಾರದು. ಬೆಳಿಗ್ಗೆ ಯಂತ್ರ ಸಮ ಮಾಡಿದ ಹಿಮದ ಮೇಲೆ ಬಾಚಣಿಗೆ ಎಳೆದಂಥ ಗೆರೆಗಳಿರುತ್ತವೆ. ಸ್ಕೀ ಉದ್ದಕ್ಕಿಂತ ಸ್ವಲ್ಪ ಅಗಲದ ಒಂದು ಓಣಿಯನ್ನು ಮನಸ್ಸಿನಲ್ಲೇ ಹಾಕಿಕೊಂಡು, ಮೇಲಿನಿಂದ ಕೆಳಗಿನವರೆಗೆ ಅದರೊಳಗೇ ಇಳಿಯಬೇಕು.

ಮೊದಲ ಅರ್ಧ ಗಂಟೆ ಮಾನ ಹೋಯಿತು. ಇದರಲ್ಲಿ ಮೋಸ ಮಾಡಲು ಜಾಗವೇ ಇಲ್ಲ. ಭುಜ ಬೀಸಿದರೆ ಓಣಿಯಿಂದ ಹೊರಗೆ. ಹಿಂದಕ್ಕೆ ವಾಲಿದರೆ ಸ್ಕೀ ಮುಂದಕ್ಕೆ ಓಡಿ ಹೊರಗೆ. ಅಂಚು ಬಿಡಲು ಹೆದರಿದರೆ ಸ್ಕೀ ತಿರುಗುವುದೇ ಇಲ್ಲ. ಕೆಳಗಡೆಯ ಅಂಚು ಸಿಕ್ಕಿಕೊಂಡರೆ ಮುಖ ಹಿಮಕ್ಕೆ. ನಾನು ಮೂರು ಸಲ ಬಿದ್ದೆ. ವಿಡಿಯೋನೂ ಬೇಡ, ಮೇಷ್ಟರೂ ಬೇಡ, ಓಣಿಯೇ ಲೆಕ್ಕ ಹೇಳುತ್ತದೆ. ಕಿಟಕಿ ಕಸರತ್ತಿನಲ್ಲಿ ನನಗೆ ಸಿಗದೇ ಹೋಗಿದ್ದು ಇದೇ.

ಎರಡನೇ ಗಂಟೆಯ ಕೊನೆಯಲ್ಲಿ ಒಂದು ಸಲ ಸರಿಯಾಗಿ ಬಂತು. ಮೇಲೆ ಏನೂ ಆಗಲಿಲ್ಲ. ಬೆನ್ನು ತಿರುಚಲಿಲ್ಲ. ತೊಡೆಗಳು ಮಾತ್ರ ಕುಳಿಯೊಳಗೆ ಉರುಳಿದ ಹಾಗೆ ಆಯಿತು. ಕರಗ ಹೊತ್ತವರ ಕಾಲು ಬೀದಿ ತುಂಬ ಓಡಾಡುತ್ತಿದ್ದರೂ ತಲೆ ಮೇಲಿನದು ಅಲುಗುವುದಿಲ್ಲವಲ್ಲ, ಅದು ನೆನಪಾಯಿತು. ಮರುದಿನ ನಡು ನೋಯಲಿಲ್ಲ, ತೊಡೆಯ ಒಳಭಾಗ ನೋಯಿತು. ಸರಿಯಾದ ಜಾಗದ ನೋವು ಅಂದುಕೊಂಡೆ.

ಇದರ ಕೊರತೆಯೂ ಇದೆ. ತೀರಾ ಚಪ್ಪಟೆ ಜಾಗದಲ್ಲಿ ಜಾರುವುದಿಲ್ಲ, ಮಧ್ಯಾಹ್ನದ ಗುಪ್ಪೆ ಹಿಮದಲ್ಲಿ ಅಂಚು ಸಿಕ್ಕಿಕೊಳ್ಳುತ್ತದೆ. ಗುಲ್‌ಮಾರ್ಗ್‌ಗೆ ಹೋಗುವವರು ಗಮನಿಸಿ. ಅಲ್ಲಿ ಗೊಂಡೋಲಾದ (ಹಗ್ಗದ ಮೇಲೆ ಹೋಗುವ ಕೇಬಲ್ ಕಾರಿನ) ಎರಡನೇ ಹಂತ ಅಫರ್ವತ್ ಬೆಟ್ಟದ ಮೇಲೆ, 4,000 ಮೀಟರ್ ಹತ್ತಿರ ಬಿಡುತ್ತದೆ. ಅಲ್ಲಿನ ಪುಡಿ ಹಿಮ ಇದಕ್ಕೆ ಆಗಿಬರುವುದಿಲ್ಲ. ಇನ್ನೊಂದು ವಿಷಯ: ಇದರಲ್ಲಿ ಸ್ಕೀ ಜಾರುತ್ತದೆ, ಅಂಚಿನಿಂದ ಹಿಮವನ್ನು ಕೊರೆಯುವುದಿಲ್ಲ. ಬರೀ ಇದನ್ನೇ ಮಾಡಿದರೆ ಅಂಚಿನ ಮೇಲೆ ನಿಲ್ಲುವುದು ಬರುವುದಿಲ್ಲ.

ಆ ಕೊರತೆ ತುಂಬಿದ್ದು ಜಾವೆಲಿನ್ ತಿರುವು. ಇದನ್ನು ಏಪ್ರಿಲ್‌ನಲ್ಲಿ, ಟಿರೋಲ್‌ನದೇ ಆದ ಹಿಂಟರ್‌ಟುಕ್ಸ್ ಹಿಮನದಿಯ ಮೇಲೆ ಮಾಡಿದೆ. ವರ್ಷವಿಡೀ ಸ್ಕೀ ಮಾಡಬಹುದಾದ ಜಾಗ ಅದು. ತಿರುವಿನ ಒಳಗಡೆಯ ಸ್ಕೀಯನ್ನು ಎತ್ತಿ, ಅದರ ಮೂತಿಯನ್ನು ಹೊರಗಡೆಯ ಸ್ಕೀ ಮೇಲೆ ಅಡ್ಡ ದಾಟಿಸಿ, ಒಂದೇ ಕಾಲಲ್ಲಿ ತಿರುವು ಮುಗಿಸುವುದು. ಹಾಗೆ ದಾಟಿಸಬೇಕಾದರೆ ಸೊಂಟ ಹೊರಗಡೆಗೆ ತಿರುಗಲೇಬೇಕು, ಭಾರವೆಲ್ಲ ಹೊರಗಾಲಿನ ಮೇಲೆ ಬರಲೇಬೇಕು. ಬೆನ್ನನ್ನಷ್ಟೇ ತಿರುಚಿ ತಪ್ಪಿಸಿಕೊಳ್ಳಲು ಆಗುವುದಿಲ್ಲ. ನಿಜವಾದ ತಿರುವಿಗೆ ನಾಲ್ಕರಲ್ಲಿ ಇದೇ ಹತ್ತಿರ.

ಆದರೆ ಇದನ್ನೇ ಮೊದಲು ಹಿಡಿದಿದ್ದರೆ ಅಂದೇ ಬಿಟ್ಟುಬಿಡುತ್ತಿದ್ದೆ. ಒಂಟಿ ಕಾಲಿನ ತೋಲನ ಬೇಕು. ಮೂತಿಯನ್ನು ದಾಟಿಸುವ ಬದಲು ಒತ್ತಿಬಿಟ್ಟರೆ, ಒಂದು ಸ್ಕೀ ಇನ್ನೊಂದರ ಮೇಲೆ ಕೂತು ಬೀಳುವುದು ಖಾತ್ರಿ. ಅಗಲವಾದ ನೀಲಿ ಇಳಿಜಾರಿನಲ್ಲೇ ಮಾಡಿ. ನನಗೆ ಬಲಗಾಲಿನ ಮೇಲೆ ಬಂತು, ಎಡಗಾಲಿನ ಮೇಲೆ ಇನ್ನೂ ಅರ್ಧದಷ್ಟೇ.

ನೆಗೆದು ತಿರುಗುವುದನ್ನೂ ಒಂದು ಬೆಳಿಗ್ಗೆ ನೋಡಿದೆ. ಹತ್ತು ನೆಗೆತಕ್ಕೆ ಉಸಿರು ಹೋಯಿತು, ಲೆಕ್ಕಕ್ಕೆ ಹಿಡಿಯಲಿಲ್ಲ.

ನನ್ನನ್ನು ಕೇಳಿದರೆ ಪಿವಟ್ ಸ್ಲಿಪ್ ಮೊದಲು, ಅದೂ ದಿನದ ಮೊದಲ ಎರಡು ಇಳಿತದಲ್ಲಿ. ಓಣಿಯೊಳಗೆ ಹತ್ತು ಸಲ ಉಳಿದುಕೊಂಡ ಮೇಲೆ ಜಾವೆಲಿನ್. ಪೋಲ್ ಊರುವುದು ಆಮೇಲೆ ತಾನಾಗೇ ಕೂರುತ್ತದೆ. ಕಿಟಕಿಯನ್ನು ಪರೀಕ್ಷೆಗೆ ಮಾತ್ರ ಇಟ್ಟುಕೊಳ್ಳಿ, ಪಾಠಕ್ಕೆ ಬೇಡ. ದೊಡ್ಡ ಅಗಲದ ತಿರುವುಗಳಲ್ಲಿ ಎದೆ ಕಣಿವೆ ಕಡೆಗೇ ಇರಲಿ ಅಂತ ಹಠ ಹಿಡಿಯಬೇಡಿ. ಅಲ್ಲಿ ಇಷ್ಟು ಸೆಪರೇಶನ್ ಬೇಕಾಗುವುದಿಲ್ಲ, ಮೈ ಸ್ವಲ್ಪ ಸ್ಕೀ ಜೊತೆ ಹೋಗಲಿ. ಮನೆಯಲ್ಲೂ ಅಭ್ಯಾಸ ಮಾಡಬಹುದು. ಕಾಲುಚೀಲ ಹಾಕಿ ನುಣುಪು ನೆಲದ ಮೇಲೆ ನಿಂತು, ಎರಡೂ ಅಂಗೈ ಗೋಡೆಗೆ ಇಟ್ಟು, ಹೊಕ್ಕುಳು ಗೋಡೆ ಕಡೆಗೇ ಇರುವಂತೆ ಪಾದಗಳನ್ನು ಎಡಬಲಕ್ಕೆ ತಿರುಗಿಸಿ. ಇಲ್ಲಿ ನನಗೆ ಮರದ ನೆಲ, ಊರಿನ ಮೊಸಾಯಿಕ್ ನೆಲವಾದರೂ ಸೈ.

ಈ ಹೋಲಿಕೆಯಲ್ಲಿ ಒಂದು ಎಡವಟ್ಟಿದೆ, ಹೇಳಿಬಿಡುತ್ತೇನೆ. ಕಿಟಕಿ ಮತ್ತು ಪೋಲ್ ಕಸರತ್ತು ಮಾಡಿದ್ದು ಬಾಡಿಗೆ ಬೂಟಿನಲ್ಲಿ. ಅಂಗಡಿಯವನು ಕೊಟ್ಟದ್ದು ಒಂದು ಸೈಜ್ ದೊಡ್ಡದು, ನನಗೂ ಗೊತ್ತಾಗಲಿಲ್ಲ. ಬೂಟಿನೊಳಗೆ ಪಾದ ತಿರುಗಿದರೂ ಸ್ಕೀಗೆ ಸುದ್ದಿ ತಡವಾಗಿ ಮುಟ್ಟುತ್ತಿತ್ತು. ಸ್ವಂತ ಬೂಟು ಕೊಂಡದ್ದು ಫೆಬ್ರವರಿಯಲ್ಲಿ, ಟಿರೋಲ್‌ಗೆ ಹೋಗುವ ಹಿಂದಿನ ವಾರ. ಹಾಗಾಗಿ ಪಿವಟ್ ಸ್ಲಿಪ್‌ಗೆ ಸಿಕ್ಕ ಹೆಸರಲ್ಲಿ ಬೂಟಿನ ಪಾಲೂ ಇದೆ. ಈ ಅನುಮಾನಕ್ಕೇ ಹಿಂಟರ್‌ಟುಕ್ಸ್‌ನಲ್ಲಿ, ಹೊಸ ಬೂಟಿನಲ್ಲೇ, ಅರ್ಧ ದಿನ ಮತ್ತೆ ಕಿಟಕಿ ಹಿಡಿದು ನೋಡಿದೆ. ತಿರುವು ಜನವರಿಗಿಂತ ಚುರುಕಾಗಿತ್ತು. ಸಂಜೆ ನಡು ಮತ್ತೆ ನೋಯಿತು.